ನಮ್ಮ ಕಡೆಯ ಹೊಟ್ಟೆನೋವು

"ತಟ್ಟೆ ತೆಗಿ ಅಂದೆ!" ಅಜ್ಜಿ ಕೈಯಲ್ಲಿದ್ದ ಕತ್ತರಿ ಕೆಳಗಿಡದೆಯೇ ಸೊಸೆಯನ್ನು ಗದರಿದಳು. ಮೊಮ್ಮಗಳು ಬಟ್ಟೆ ಕತ್ತರಿಸುವ ಮೇಜಿನಡಿ ಮಂಡಿಯನ್ನು ಎದೆಗೊತ್ತಿಕೊಂಡು ಮುದುಡಿದ್ದಳು. "ಇದು ನಮ್ಮ ಕಡೆಯ ಹೊಟ್ಟೆನೋವು. ನಮ್ಮಮ್ಮಂಗಿತ್ತು, ನಂಗಿದೆ. ಲಂಘನವೇ ಮದ್ದು. ಮೂರು ದಿನ ಬಾಯಿ ಕಟ್ಟಿದ್ರೆ ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟೋಗತ್ತೆ."

"ಅಷ್ಟರಲ್ಲಿ ನಾನೇ ಹೊರಟೋಗಿರ್ತೀನಿ ಅಜ್ಜಿ," ಮೇಜಿನಡಿಯಿಂದ ದನಿ ಬಂತು.

ಮಿಷಿನ್ ತುಳಿಯುತ್ತಿದ್ದ ಹೆಂಗಸರು ನಕ್ಕರು. ಅಜ್ಜಿಗೆ ಒಳಗೊಳಗೇ ಹೆಮ್ಮೆ. ಹುಡುಗಿಯ ಬಣ್ಣ ಸೊಸೆಯದು, ಮೂಗು ಸೊಸೆಯದು, ಹೊಟ್ಟೆಯಾದರೂ ತನ್ನದು.

ಹುಡುಗಿಯ ಮೂತ್ರ ಕಂದುಗೆಂಪಾದ ಮೇಲೆ ಸೊಸೆ ಯಾರ ಮಾತೂ ಕೇಳದೆ ಆಸ್ಪತ್ರೆಗೆ ಸೇರಿಸಿದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡರು.

"ರಕ್ತದ ಕೆಂಪು ಹಂತ ಹಂತವಾಗಿ ತಯಾರಾಗೋದು. ನಿಮ್ಮ ವಂಶದಲ್ಲಿ ಒಂದು ಹಂತಕ್ಕೆ ಅರ್ಧ ಕೆಲಸಗಾರರೇ ಇಲ್ಲ."

"ಕಾಲರ್ ಹೊಲಿಯೋಳು ರಜ ಹಾಕಿದ್ರೆ ಅರೆಬರೆ ಅಂಗಿ ರಾಶಿ ಬೀಳತ್ತಲ್ಲ, ಹಂಗೆ," ಎಂದಳು ಅಜ್ಜಿ.

"ಹಂಗೇ. ಆ ರಾಶಿನೇ ನರ ಹಿಂಡೋದು. ನಿಮ್ಮಿಂದ ಮಗನಿಗೆ ಬಂದಿದೆ. ಅವರಲ್ಲಿ ಸುಮ್ಮನೆ ಮಲಗಿತ್ತು, ಇವಳಲ್ಲಿ ಎದ್ದಿದೆ."

"ನಾನು ಅವತ್ತೇ ಹೇಳ್ಲಿಲ್ವಾ!" ಅಜ್ಜಿ ಪದಕ ಗೆದ್ದವಳಂತೆ ಸೊಸೆಯ ಕಡೆ ನೋಡಿದಳು.

"ಒಂದು ಮಾತ್ರ ನೆನಪಿಡಿ. ನೋವು ಬಂದಾಗ ಉಪವಾಸ ಬೇಡವೇ ಬೇಡ. ಹೊಟ್ಟೆ ಖಾಲಿಯಾದಷ್ಟೂ ರಾಶಿ ಬೆಳೆಯತ್ತೆ. ಸಕ್ಕರೆ ನೀರಾದ್ರೂ ಕುಡಿಸಿ. ಬರಿಹೊಟ್ಟೆಲಿಟ್ಟಿದ್ದಕ್ಕೇ ಜನ ಸತ್ತಿದ್ದಾರೆ."

ಅಜ್ಜಿ ಸೊಸೆಯ ಮೇಲಿಟ್ಟಿದ್ದ ಕಣ್ಣು ಕಿತ್ತು ನೆಲ ನೋಡಿದಳು.

ಅಂಗಡಿಯ ಗೋಡೆಯ ಮೊಳೆಯಲ್ಲಿ ಎಡಗೈಯವರ ಕತ್ತರಿಯೊಂದು ತೂಗುತ್ತದೆ. ತೀರಿಹೋದ ಕಿರಿಮಗಳದು. ಅವಳಿಗೂ ಇದೇ ನೋವು, ಇದೇ ಲಂಘನ. "ಕೊನೇವರೆಗೂ ಒಂದು ಅಗುಳೂ ಕೇಳ್ಲಿಲ್ಲ ನನ್ನ ಮಗಳು," ಎಂದು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳಿದ್ದಳು ಅಜ್ಜಿ, ಇಷ್ಟು ವರ್ಷ.

ಮಳೆಗಾಲ ಮುಗಿಯುವಷ್ಟರಲ್ಲಿ ನೋವು ಅಜ್ಜಿಯನ್ನೇ ಹಿಡಿಯಿತು. ಒಂದು ಕೈ ಹೊಟ್ಟೆಗೊತ್ತಿಕೊಂಡು, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗುರುತು ಹಾಕುತ್ತಲೇ ಇದ್ದಳು. ಗೆರೆ ಒಂದಿಷ್ಟೂ ಅಲುಗಲಿಲ್ಲ.

ಕೆನ್ನೆ ತುಂಬಿಕೊಂಡ ಮೊಮ್ಮಗಳು ಸಕ್ಕರೆ ನೀರು ಕದಡಿ ತಂದಳು. "ಕುಡಿ ಅಜ್ಜಿ. ಡಾಕ್ಟರಮ್ಮ ಹೇಳಿದ್ದು ನೀನೂ ಕೇಳಿಸ್ಕೊಂಡಿದೀಯ. ಹಟ ಮಾಡ್ಬೇಡ."

ಅಜ್ಜಿ ಲೋಟ ನೋಡಿದಳು. ಮೊಳೆಯ ಕಡೆ ನೋಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಬೇಡ."