ಗಂಜಿತ್ತುರೆಯ ನೀರುನಾಯಿಗಳು

ಬೆಳಗಿನ ಐದೂ ಮುಕ್ಕಾಲು ಗಂಟೆ. ಭವಾನಿ ಹೊಳೆಯ ಗಂಜಿತ್ತುರೆ ಎಂಬ ಮೆಟ್ಟಿಲುಕಟ್ಟೆಯ ನೀರಿನಲ್ಲಿ ಹನ್ನೊಂದು ಮೀನು ಸತ್ತು ತೇಲುತ್ತಿದ್ದವು.

ಅದು 1986ರ ಮಾರ್ಚ್ 12, ಬುಧವಾರ. ಮೊದಲು ನೋಡಿದವಳು ಬೆಳ್ಳಿಯಮ್ಮ. ಸೊಂಟದ ಮೇಲೆ ನೂಲಿನ ಬುಟ್ಟಿ ಇಟ್ಟುಕೊಂಡು ಮೆಟ್ಟಿಲು ಇಳಿಯುತ್ತಿದ್ದವಳು ಅಲ್ಲೇ ನಿಂತಳು. ಮಡುವಿನ ಆಚೆ ಬಂಡೆಯ ಮೇಲೆ ನಾಲ್ಕು ನೀರುನಾಯಿಗಳಿದ್ದವು. ಅವುಗಳಲ್ಲಿ ಒಂದು ಮುಂಗಾಲುಗಳಲ್ಲಿ ಮೀನು ಹಿಡಿದು ಕರಕರ ಕಡಿಯುತ್ತಿತ್ತು.

ಆ ಊರಿನ ಹೊಳೆಯಲ್ಲಿ ಹದಿನೈದು ವರ್ಷ ನೀರುನಾಯಿ ಇರಲಿಲ್ಲ. ಹಿಂದಿನ ಮಳೆಗಾಲ ಮುಗಿದ ಮೇಲೆ ಎಲ್ಲಿಂದಲೋ ಬಂದು ಬಂಡೆಯ ಸಂದಿಯಲ್ಲಿ ಮನೆ ಮಾಡಿದ್ದವು. ಮೊದಮೊದಲು ಮಕ್ಕಳು ನೋಡಲು ಓಡುತ್ತಿದ್ದರು. ಆಮೇಲೆ ಮೀನು ಹಿಡಿಯುವ ಕುಪ್ಪಸಾಮಿಯ ಬಲೆ ಎರಡು ಸಲ ಹರಿಯಿತು. ಈಗ ಮೀನು ಸಾಯತೊಡಗಿ ತಿಂಗಳು ಎರಡಾಗಿತ್ತು.

ಮಡುವಿನ ಮೀನಿನ ಗುತ್ತಿಗೆ ಕುಪ್ಪಸಾಮಿಯದು. ಮೂರು ವರ್ಷಕ್ಕೆ ಹಿಡಿದದ್ದು, ಒಂದು ವರ್ಷ ಕಳೆದಿತ್ತು. ಸುದ್ದಿ ತಿಳಿದು ಆರು ಗಂಟೆಗೇ ಬಂದ. ಸತ್ತ ಕೆಂಡೆ ಮೀನೊಂದನ್ನು ಬಾಲ ಹಿಡಿದು ಎತ್ತಿ, ಬಂಡೆಯ ಕಡೆ ತೋರಿಸಿದ.

"ನೋಡಕ್ಕ. ತಿಂದದ್ದು ಸಾಲದು ಅಂತ ಕೊಂದು ಬಿಸಾಕ್ತವೆ. ಶುಕ್ರವಾರ ಒಂದು ದಾರಿ ಮಾಡ್ತೀನಿ."

ದಾರಿ ಏನೆಂದು ಊರಿಗೆಲ್ಲ ಗೊತ್ತಿತ್ತು. ಹತ್ತಿಗೆ ಹೊಡೆಯುವ ಮದ್ದನ್ನು ಮೀನಿನ ಹೊಟ್ಟೆಯಲ್ಲಿ ತುಂಬಿ ಬಂಡೆಯ ಮೇಲೆ ಇಡುವುದು. ಬೆಳ್ಳಿಯಮ್ಮ ಬೇಡ ಎನ್ನಲಿಲ್ಲ. ಅವನ ಕಷ್ಟ ಅವಳಿಗೂ ಕಾಣುತ್ತಿತ್ತು.

ಅಂದು ಹತ್ತು ಗಂಟೆಗೆ ಮೀನುಗಾರಿಕೆ ಇಲಾಖೆಯ ರಾಜಾಮಣಿ ಸೈಕಲ್ಲಿನಲ್ಲಿ ಬಂದ. ಅಣೆಕಟ್ಟಿಗೆ ಮೀನುಮರಿ ಬಿಡುವ ಕೆಲಸ ಅವನದು. ಕನ್ನಡ ಬಾರದು, ಮಾತೆಲ್ಲ ತಮಿಳಿನಲ್ಲೇ. ಸತ್ತ ಮೀನುಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೂ ತಿರುಗಿಸಿದ. ಹನ್ನೊಂದರಲ್ಲಿ ಒಂದಕ್ಕೂ ಹಲ್ಲಿನ ಗುರುತು ಇರಲಿಲ್ಲ. ಕಿವಿರು ಎತ್ತಿ ತೋರಿಸಿದ. ಕೆಂಪಗೆ ಇರಬೇಕಾದದ್ದು ಬೆಂದ ಹಾಗೆ ಬೆಳ್ಳಗಾಗಿತ್ತು. ನೀರುನಾಯಿ ಕೊಂದರೆ ಕಿವಿರು ಬಿಳುಚುವುದಿಲ್ಲ ಎಂದ. ಆಮೇಲೆ ಬೆಳ್ಳಿಯಮ್ಮನನ್ನು ಒಂದೇ ಮಾತು ಕೇಳಿದ: "ಈ ತುರೆಯಲ್ಲಿ ಏನು ಸುರೀತೀರಿ?"

ಗಂಜಿ, ಎಂದಳು ಬೆಳ್ಳಿಯಮ್ಮ. ಅದು ನಿಜವೂ ಹೌದು. ನೇಯುವವರ ಬೀದಿಯಲ್ಲಿ ಹಾಸುನೂಲಿಗೆ ಗಂಜಿ ಹಚ್ಚಿ ಉಳಿದದ್ದನ್ನು ಜನ ತುಳಿಯುವ ಕಡೆ ಚೆಲ್ಲುವುದಿಲ್ಲ. ನೂಲು ಮುಟ್ಟಿದ ನೀರು ಕಾಲಿಗೆ ಸಿಗಬಾರದು ಎಂಬುದು ಅಜ್ಜಿಯರ ಕಾಲದ ಕಟ್ಟು. ಹೊತ್ತು ತಂದು ಹೊಳೆಗೆ ಸುರಿದು, "ಮೀನಿಗೆ" ಎಂದು ಹೇಳಿ ಹೋಗುತ್ತಾರೆ. ಅದಕ್ಕೇ ಅದು ಗಂಜಿತ್ತುರೆ. ಕೊಡದ ಸದ್ದು ಕೇಳಿದರೆ ಸಾಕು, ಮೀನು ಮೆಟ್ಟಿಲಿಗೆ ಬಂದು ಮುತ್ತುತ್ತವೆ.

ರಾಜಾಮಣಿ ಹೋದ ಮೇಲೆ ಬೆಳ್ಳಿಯಮ್ಮ ತನ್ನ ಅಂಗೈ ಮೂಸಿದಳು. ಹಿಂದಿನ ಸಂಜೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಮೂರು ತಿಂಗಳಿಂದ ಅವಳಿಗೆ ನೂಲು ಕೊಟ್ಟು ನೇಯಿಸುವ ಧಣಿ ಲಿಂಗಪ್ಪನ್ ಹೊಸ ಬಣ್ಣಗಳ ಕೆಲಸ ಹಿಡಿದಿದ್ದ. ತಿಳಿ ನೀಲಿ, ತಿಳಿ ಗುಲಾಬಿ. ತಿಳಿ ಬಣ್ಣ ಹತ್ತಬೇಕಾದರೆ ಮೊದಲು ನೂಲನ್ನು ಬ್ಲೀಚಿಂಗ್ ಪುಡಿಯ ನೀರಿನ ತೊಟ್ಟಿಯಲ್ಲಿ ನೆನೆಸಿ ಬೆಳ್ಳಗೆ ಮಾಡಬೇಕು. ಆ ತೊಟ್ಟಿಯ ನೀರೂ ನೂಲು ಮುಟ್ಟಿದ ನೀರೇ ತಾನೆ? ಬೀದಿಗೆ ಚೆಲ್ಲಬಾರದೆಂದು ಬೆಳ್ಳಿಯಮ್ಮ ವಾರಕ್ಕೆರಡು ಸಲ ಹೊತ್ತು ತಂದು ಅದೇ ಮೆಟ್ಟಿಲಲ್ಲಿ ಸುರಿದಿದ್ದಳು. ಸುರಿದು, "ಮೀನಿಗೆ" ಎಂದೂ ಹೇಳಿದ್ದಳು. ಗಂಜಿ ಬಂತೆಂದು ಮೀನು ಮುತ್ತಿಕೊಂಡಿದ್ದವು.

ಹೇಳಿದರೆ ಲಿಂಗಪ್ಪನ್ ನೂಲು ಕೊಡುವುದು ನಿಲ್ಲಿಸುತ್ತಾನೆ. ನೂಲಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಮನೆಯಲ್ಲಿ ಇರುವುದು ಒಂದೇ ಮಗ್ಗ, ಅವಳು ಮತ್ತು ಸೊಸೆ ರುಕ್ಮಣಿ. ಹೇಳದಿದ್ದರೆ ಶುಕ್ರವಾರ ಬಂಡೆಯ ಮೇಲೆ ವಿಷ ಬೀಳುತ್ತದೆ. ಗುರುವಾರ ಇಡೀ ದಿನ ಅವಳು ಮಗ್ಗ ಬಿಟ್ಟು ಏಳಲಿಲ್ಲ. ಸಂಜೆ ಎರಡು ಮಣ್ಣಿನ ಗಡಿಗೆ ತೊಳೆದು ಕವುಚಿಟ್ಟಳು.

ಶುಕ್ರವಾರ ಏಳು ಗಂಟೆಗೆ ಬೀದಿಯ ಉದ್ದಕ್ಕೂ ಹಾಸುನೂಲು ಎಳೆದು ಕಟ್ಟಿತ್ತು. ಎರಡೂ ಕಡೆ ಜನ ನಿಂತು ಗಂಜಿ ಹಚ್ಚಿ ಕುಂಚದಿಂದ ತೀಡುತ್ತಿದ್ದರು. ನೂಲು ಒಣಗುವವರೆಗೆ ಒಬ್ಬರೂ ಬಿಟ್ಟು ಹೋಗುವಂತಿಲ್ಲ, ಹೋದರೆ ಎಳೆ ಅಂಟಿಕೊಳ್ಳುತ್ತದೆ. ಇದನ್ನು ಲೆಕ್ಕ ಹಾಕಿಯೇ ಬೆಳ್ಳಿಯಮ್ಮ ಆ ಹೊತ್ತನ್ನು ಆರಿಸಿದ್ದಳು. ಬರಲು ರಾಜಾಮಣಿಗೆ ಹೇಳಿ ಕಳಿಸಿದ್ದಳು. ಮದ್ದಿನ ಡಬ್ಬಿ ಹಿಡಿದು ಹೊಳೆಗೆ ಹೊರಟ ಕುಪ್ಪಸಾಮಿಯನ್ನು ತಡೆದು ನಿಲ್ಲಿಸಿದಳು.

ಎರಡು ಗಡಿಗೆಯನ್ನು ಬೀದಿಯ ನಡುವೆ ಇಟ್ಟಳು. ಎರಡಕ್ಕೂ ಹೊಳೆಯ ನೀರು. ಎರಡಕ್ಕೂ ಮೂರು ಮೂರು ಜಿಲೇಬಿ ಮೀನು. ಒಂದಕ್ಕೆ ಲಿಂಗಪ್ಪನ್ ತೊಟ್ಟಿಯಿಂದ ಒಂದು ಲೋಟ ನೀರು ತಂದು ಸುರಿದಳು.

"ಇದೇನು, ಅಡುಗೆನಾ?" ಎಂದು ಲಿಂಗಪ್ಪನ್ ಕುಂಚ ಹಿಡಿದೇ ಕೇಳಿದ. ನಾಲ್ಕು ಜನ ನಕ್ಕರು.

"ನಿಮ್ಮ ತೊಟ್ಟಿ ನೀರೇ ಅಣ್ಣ. ನೋಡ್ತಾ ತೀಡಿ."

ಮೊದಲು ಆ ಗಡಿಗೆಯ ಮೀನು ಮೇಲೆ ಬಂದು ಬಾಯಿ ತೆರೆದವು. ಆಮೇಲೆ ಅಡ್ಡಡ್ಡ ಓಡಿದವು. ಅರ್ಧ ಗಂಟೆಯಲ್ಲಿ ಮೂರೂ ಹೊಟ್ಟೆ ಮೇಲಾದವು. ಪಕ್ಕದ ಗಡಿಗೆಯ ಮೂರು ಆರಾಮಾಗಿ ಈಜುತ್ತಿದ್ದವು. ಈ ಸಲ ಯಾರೂ ನಗಲಿಲ್ಲ.

"ಹನ್ನೊಂದು ಮೀನು ಕೊಂದದ್ದು ನೀರುನಾಯಿ ಅಲ್ಲ, ನಾನು. ಮೂರು ತಿಂಗಳಿಂದ ಈ ಕೈಯಲ್ಲೇ ಸುರಿದೆ. ಗಂಜಿ ಹಾಕೋ ಜಾಗದಲ್ಲೇ ಸುರಿದೆ. ಇವತ್ತಿಂದ ಸುರಿಯಲ್ಲ, ಸುರಿಯೋಕೂ ಬಿಡಲ್ಲ."

ಲಿಂಗಪ್ಪನ್ ಮುಖ ಗಂಟಾಯಿತು. ಹಾಗಾದರೆ ನೂಲೂ ಕೇಳಬೇಡ ಎಂದ.

"ಕೇಳಲ್ಲ," ಎಂದಳು. "ಮದ್ದು ಇಡೋರು ಇಡಿ. ನಾನು ಆ ಬಂಡೆ ಮೇಲೇ ಕೂತಿರ್ತೀನಿ. ನನ್ನನ್ನ ಎಬ್ಬಿಸಿ ಇಡಿ."

ಕುಪ್ಪಸಾಮಿ ಸುಲಭಕ್ಕೆ ಒಪ್ಪುವವನಲ್ಲ. ಮೀನು ಸತ್ತದ್ದು ಪುಡಿಯಿಂದಲೇ ಇರಲಿ, ಬಲೆ ಹರಿದದ್ದೂ ಪುಡಿಯೇನು ಎಂದು ರಾಜಾಮಣಿಯನ್ನು ಕೇಳಿದ. ನೀರುನಾಯಿ ಮೀನು ತಿನ್ನುವುದಿಲ್ಲವೇ ಎಂದೂ ಕೇಳಿದ.

ತಿನ್ನುತ್ತದೆ ಎಂದ ರಾಜಾಮಣಿ. ದೊಡ್ಡದೊಂದಕ್ಕೆ ದಿನಕ್ಕೆ ಒಂದು ಕಿಲೋದಷ್ಟು ಬೇಕು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಂಡೆಯಿಂದ ಎಲೆಯಲ್ಲಿ ಕಟ್ಟಿ ತಂದಿದ್ದ ನೀರುನಾಯಿಯ ಒಣಗಿದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದ. ಏಡಿಯ ಚಿಪ್ಪಿನ ಚೂರು, ಜಿಲೇಬಿಯ ಹುರುಪೆ. ಕೆಂಡೆಯ ಹುರುಪೆ ಎರಡೇ ಎರಡು. ಕುಪ್ಪಸಾಮಿ ಸಂತೆಯಲ್ಲಿ ಮಾರುವುದು ಕೆಂಡೆ. ಕೆಂಡೆಯ ಮೊಟ್ಟೆ ತಿನ್ನುವುದು ಜಿಲೇಬಿ. ಇಷ್ಟರಿಂದಲೇ ಕೆಂಡೆ ಹೆಚ್ಚುತ್ತದೆ ಎಂದು ತಾನು ಮಾತು ಕೊಡುವುದಿಲ್ಲ ಎಂದ. ಆದರೆ ನೀರು ಕೆಟ್ಟ ಕಡೆ ನೀರುನಾಯಿ ನಿಲ್ಲುವುದಿಲ್ಲ, ಮೀನಿಲ್ಲದ ಕಡೆಯೂ ನಿಲ್ಲುವುದಿಲ್ಲ. ಅದು ಹದಿನೈದು ವರ್ಷದ ಮೇಲೆ ಬಂದಿದೆ ಎಂದರೆ ಹೊಳೆ ಇನ್ನೂ ಬದುಕಿದೆ ಎಂದು ಅರ್ಥ.

ಬಲೆಗೂ ಒಂದು ದಾರಿ ಹೇಳಿದ. ನೀರುನಾಯಿ ಹೆಚ್ಚಾಗಿ ಬೇಟೆಯಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬಲೆಯನ್ನು ರಾತ್ರಿಯಿಡೀ ನೀರಿನಲ್ಲಿ ಬಿಡಬೇಡ, ಬಿಸಿಲೇರಿದ ಮೇಲೆ ಹಾಕಿ ಇಳಿಹೊತ್ತಿಗೆ ಮುಂಚೆ ಎತ್ತು. ಸಿಕ್ಕ ಮೀನನ್ನು ಬಲೆಯಲ್ಲೇ ಬಿಟ್ಟರೆ ಅದನ್ನು ಊಟಕ್ಕೆ ಕರೆದ ಹಾಗೆ. ಮತ್ತೂ ಒಂದು ಮಾತು: ಅನುಮತಿ ಇಲ್ಲದೆ ನೀರುನಾಯಿ ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಬಂಡೆಯ ಮೇಲೆ ಇಟ್ಟ ವಿಷ ಒಂದು ಮಳೆಗೆ ನೀರಿಗೆ ಇಳಿಯುತ್ತದೆ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ.

ಕುಪ್ಪಸಾಮಿ ಗಡಿಗೆಯ ಮುಂದೆ ಕುಕ್ಕರಿಸಿ, ಸತ್ತ ಮೀನೊಂದರ ಕಿವಿರು ಎತ್ತಿ ನೋಡಿದ.

"ಅಕ್ಕ, ನೀ ನಿಜವಾಗ್ಲೂ ಬಂಡೆ ಮೇಲೆ ಕೂತಿರ್ತಿದ್ಯಾ?"

"ಬುತ್ತಿ ಕಟ್ಟಾಗಿದೆ. ರುಕ್ಮಣಿನ ಕೇಳು."

ರುಕ್ಮಣಿ ತೂಕ್ಕುಪೋಸಿ, ಅಂದರೆ ಹಿಡಿಕೆಯ ಬುತ್ತಿಪಾತ್ರೆ, ಎತ್ತಿ ತೋರಿಸಿದಳು. ಅತ್ತೆಗೂ ತನಗೂ ಸೇರಿಸಿ ಅದರಲ್ಲಿ ಇಬ್ಬರ ಊಟ ಕಟ್ಟಿದ್ದಳು. ಕುಪ್ಪಸಾಮಿ ಮದ್ದಿನ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತೋಟಕ್ಕೆ ಹೋದ.

ಒಂಬತ್ತು ದಿನ ಬೆಳ್ಳಿಯಮ್ಮನ ಮಗ್ಗ ನಿಂತಿತು. ಹತ್ತನೆಯ ದಿನ ಪಕ್ಕದ ಬೀದಿಯ ಧಣಿ ಸುಬ್ಬಯ್ಯನ್ ನೂಲು ಕೊಟ್ಟ. ಹೊಳೆಗೂ ಬಾವಿಗೂ ದೂರವಾಗಿ, ಬೇಲಿ ಕಟ್ಟಿ, ಗಾರೆ ಹಾಕಿದ ಗುಂಡಿಯನ್ನು ಅವನೇ ಮೊದಲು ಮಾಡಿಸಿದ. ಪುಡಿಯ ನೀರು ಅದರಲ್ಲೇ ಬಿಸಿಲಿಗೆ ಆರಲು ಬಿಟ್ಟ. ಬೀದಿಯ ಹೆಂಗಸರು ಸೇರಿ ಲಿಂಗಪ್ಪನ್ ಬಾಗಿಲಿಗೆ ಮೂರು ಸಲ ಹೋದರು. ನಾಲ್ಕನೆಯ ಸಲ ಹೋಗುವ ಮುಂಚೆ ಅವನೂ ಗುಂಡಿ ತೋಡಿಸಿದ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಿನ ಹೊಳೆಗೂ ನೀರುನಾಯಿ ಬಂದಿರಬಹುದು. ಮೀನು ಸತ್ತರೆ ಮೊದಲು ಅದರ ಮೈ ನೋಡಿ, ಕಿವಿರು ನೋಡಿ. ಆಮೇಲೆ ನಮ್ಮ ಮನೆಯಿಂದ ಹೊಳೆಗೆ ಏನು ಹೋಗುತ್ತಿದೆ ಎಂದು ಕೇಳಿಕೊಳ್ಳಿ. ಗಂಜಿ ಮೀನಿಗೆ ಇರಲಿ, ಪುಡಿಯ ನೀರು ಗುಂಡಿಗೆ ಹೋಗಲಿ. ವಿಷ, ಸಿಡಿಮದ್ದಿನ ತೋಟೆ ಹಿಡಿದು ಯಾರಾದರೂ ಹೊಳೆಗೆ ಇಳಿದರೆ ಅಡ್ಡ ನಿಲ್ಲಿ. ಒಬ್ಬರೇ ನಿಲ್ಲಲು ಅಂಜಿಕೆಯಾದರೆ ಸೊಸೆಯನ್ನೂ ಕರೆದುಕೊಳ್ಳಿ. ಕನ್ನಡ ಓದಲು ಬಾರದವರು ಪಕ್ಕದಲ್ಲಿದ್ದರೆ ಇದನ್ನು ಗಟ್ಟಿಯಾಗಿ ಓದಿ ಹೇಳಿ.

ಆ ವರ್ಷ ಕುಪ್ಪಸಾಮಿಯ ಬಲೆ ಇನ್ನೂ ಒಂದು ಸಲ ಹರಿಯಿತು, ಅವನೇ ಹೊಲಿದುಕೊಂಡ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಗಂಜಿತ್ತುರೆಯಲ್ಲಿ ಒಂದು ಮೀನೂ ಸತ್ತು ತೇಲಲಿಲ್ಲ. ಮುಂದಿನ ಜನವರಿಯಲ್ಲಿ ಬಂಡೆಯ ಮೇಲೆ ಏಳು ನೀರುನಾಯಿಗಳಿದ್ದವು.