ಹದಿನೇಳನೇ ಸಾಲಿನ ಮೇಲ್‌ಬಾಕ್ಸ್

ಎಲ್ಲರೂ ತಮ್ಮ ತಮ್ಮ ಪಾಸ್‌ವರ್ಡ್ ಕೊಡಬೇಕು ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಪದ್ಮಶ್ರೀಗೆ ಇದರಲ್ಲೇನೋ ಮಸಲತ್ತಿದೆ ಅನ್ನಿಸಿತ್ತು.

ಕೆ.ಆರ್. ಪುರದ ರತ್ನಾಂಬರ ಗಾರ್ಮೆಂಟ್ಸ್ ಆಫೀಸಿನಲ್ಲಿ ಅವಳು ಒಂಬತ್ತು ವರ್ಷದಿಂದ ಟೈಪು ಕುಟ್ಟುತ್ತಿದ್ದಳು. ಅಷ್ಟು ವರ್ಷದಲ್ಲಿ ಕೀಬೋರ್ಡಿನ ಅಕ್ಷರ ಅಳಿಸಿಹೋದರೂ ಹೊಸದು ಕೊಡಿಸದ ಕಂಪನಿ, ೨೦೦೯ರ ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ ಮೂವತ್ತೆರಡು ಜನರ ಇಮೇಲನ್ನೂ ‘ಕ್ಲೌಡ್‌’ಗೆ ಸಾಗಿಸುತ್ತೇವೆ ಅನ್ನುತ್ತಿತ್ತು. ಮೂಲೆಯಲ್ಲಿ ಗುಂಯ್ ಅನ್ನುತ್ತಿದ್ದ ಹಳೇ ಸರ್ವರನ್ನು ಸಂಜೆ ಐದಕ್ಕೆ ಪೂರಾ ಅಳಿಸಿ ಗುಜರಿಗೆ ಹಾಕುವುದಂತೆ. ಇವತ್ತೇ, ಶುಕ್ರವಾರವೇ. ಸೋಮವಾರ ಲೇಬರ್ ಆಫೀಸಿನಲ್ಲಿ ಆಬಿದಾಳ ವಿಚಾರಣೆ ಇತ್ತು.

ಆಬಿದಾ ನಾಲ್ಕನೇ ಲೈನಿನ ಟೈಲರ್. ಏಪ್ರಿಲ್ ತಿಂಗಳಲ್ಲಿ ಐದು ತಿಂಗಳ ಬಸುರಿ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೆಷಿನ್ ಮುಂದೆಯೇ ರಕ್ತ ಕಂಡು, ಆಸ್ಪತ್ರೆಗೆ ಹೋಗಲು ಗೇಟ್ ಪಾಸ್ ಕೇಳಿದಳು. ಉಚ್ಚೆಗೆ ಹೋಗಲೂ ಟೋಕನ್ ಕೇಳುವ ಜಾಗ ಅದು. ಗೇಟು ತೆರೆದದ್ದು ಸಂಜೆ ಐದೂವರೆಗೆ. ಅಷ್ಟು ಹೊತ್ತಿಗೆ ಕೂಸು ಹೋಗಿತ್ತು. ಅವಳು ಲೇಬರ್ ಆಫೀಸಿಗೆ ದೂರು ಕೊಟ್ಟಾಗ, ಪಾಸೇ ಕೇಳಿರಲಿಲ್ಲ ಎಂದು ಕಂಪನಿ ಲಿಖಿತವಾಗಿ ಕೊಟ್ಟಿತು.

ಕೇಳಿದ್ದಳು. ಅದು ಪದ್ಮಶ್ರೀಗೆ ಗೊತ್ತಿತ್ತು. ಪಾಸ್ ಕೊಡಬೇಡಿ ಎಂದು ಸೆಕ್ಯುರಿಟಿಯವರಿಗೆ ಮೇಲ್ ಹೋದದ್ದು ಅವಳ ಐಡಿಯಿಂದಲೇ, ಅವಳ ಹೆಸರಿನ ಕೆಳಗೇ.

ಆ ಆಫೀಸಿನ ಪದ್ಧತಿ ಹಾಗಿತ್ತು. ಎಚ್.ಆರ್. ಮ್ಯಾನೇಜರ್ ಜಗದೀಶ ಯಾವುದಕ್ಕೂ ತನ್ನ ಹೆಸರು ಹಾಕುವವನಲ್ಲ. ಫ್ಯಾಕ್ಟರಿ ನಿಂತಿದ್ದೇ ಅವನ ಅಪ್ಪನ ರಾಗಿ ಹೊಲದಲ್ಲಿ. ಹೊಲ ಹೋದರೂ ಗೌಡಿಕೆ ಹೋಗಿರಲಿಲ್ಲ. ಫೋನಿನಿಂದ ಪದ್ಮಶ್ರೀಗೆ ಒಂದು ಸಾಲಿನ ಮೇಲ್ ಕುಟ್ಟುವನು, ಅವಳು ಅದನ್ನು ಸೊಗಸಾದ ಇಂಗ್ಲಿಷಿಗೆ ತಂದು ತನ್ನ ಐಡಿಯಿಂದ ಕಳಿಸಬೇಕು. ಹಳೇ ದೊಮ್ಮಲೂರಿನ ಹರಿಜನ ಕೇರಿಯಿಂದ ಬಂದು ಇಂಗ್ಲಿಷ್ ಕಲಿತವಳಿಗೆ ಸಿಕ್ಕ ಮರ್ಯಾದೆ ಅದು. ಆ ದಿನದ ಸಾಲು ಅವಳ ಇನ್‌ಬಾಕ್ಸಿನಲ್ಲಿ ಇನ್ನೂ ಇತ್ತು: ‘ಗೇಟ್ ಪಾಸ್ ಕೊಡಬೇಡ ಅನ್ನು. ಒಬ್ಬಳಿಗೆ ಕೊಟ್ರೆ ನಾಳೆ ಹತ್ತು ಜನ ಹೊಟ್ಟೆ ಹಿಡ್ಕೊಂಡು ಬರ್ತಾರೆ.’

ನಾಲ್ಕು ತಿಂಗಳಿಂದ ಅವಳು ಅದನ್ನು ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೊರಗಿನ ವಿಳಾಸಕ್ಕೆ ಕಳಿಸಿದರೆ ಕಂಪ್ಯೂಟರೇ ತಡೆಯುತ್ತಿತ್ತು. ಜೆರಾಕ್ಸೂ ತೆಗೆಯುವ ಒಂದೇ ಪ್ರಿಂಟರ್ ಇದ್ದದ್ದು ಜಗದೀಶನ ಬಾಗಿಲ ಪಕ್ಕದಲ್ಲೇ. ಕಾರಣಗಳಿಗೇನು ಕೊರತೆ?

ಮೇಲ್ ಸಾಗಿಸಲು ಬಂದವನು ಚಾಂದ್ ಪಾಷಾ. ಶಿವಾಜಿನಗರದಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟವನು, ನಲವತ್ತರ ಆಸುಪಾಸು. ಮಧ್ಯಾಹ್ನ ಎರಡಕ್ಕೆ ಅವಳ ಮೇಜಿಗೆ ಬಂದ.

“ಪಾಸ್‌ವರ್ಡ್ ಹೇಳಿ ಮೇಡಂ.”

“ಯಾಕೆ ಹೇಳ್ಬೇಕು?”

“ಅರೆ, ಎಲ್ರೂ ಕೊಟ್ಟವ್ರೆ. ನಾನೇನ್ ನಿಮ್ ಲವ್ ಲೆಟರ್ ಓದಕ್ಕೆ ಬಂದಿದೀನಾ?”

“ಓದಕ್ಕೆ ಬಂದಿದ್ರೆ ಪರ್ವಾಗಿಲ್ಲ. ಅಳಿಸೋಕೆ ಬಂದಿದೀರಲ್ಲ, ಅದಕ್ಕೆ ಕೇಳ್ತಿರೋದು. ಎಷ್ಟು ದಿನದಿಂದ ಪರಿಚಯ ನಿಮಗೆ ಜಗದೀಶ್ ಸಾರು?”

ಪಾಷಾ ಕುರ್ಚಿ ಎಳೆದುಕೊಂಡು ಕೂತ. ಬೆಳಿಗ್ಗೆಯಿಂದ ಒಂದು ಲೋಟ ನೀರನ್ನೂ ಯಾರೂ ಕೊಟ್ಟಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. “ಮೇಡಂ, ನಂಗೆ ಕೆಲ್ಸ ಮುಖ್ಯ. ನಿಮ್ ಬಾಕ್ಸ್ ಅಂತೂ ಹತ್ತು ನಿಮಿಷದ ಕೆಲ್ಸ. ಅರ್ಧನೇ ಅಲ್ವಾ ಹೋಗೋದು.”

“ಅರ್ಧ ಅಂದ್ರೆ?”

ಅವನು ಕೈಯಲ್ಲಿದ್ದ ಹಾಳೆ ಚಾಚಿದ. ಮೂವತ್ತೆರಡು ಹೆಸರಿನ ಆ ಪಟ್ಟಿಯನ್ನು ಹಿಂದಿನ ವಾರ ಟೈಪ್ ಮಾಡಿಕೊಟ್ಟವಳು ಪದ್ಮಶ್ರೀಯೇ. ಪಕ್ಕದ ಕಾಲಂ ಖಾಲಿ ಬಿಡು ಎಂದಿದ್ದ ಜಗದೀಶ. ಈಗ ಅದು ತುಂಬಿತ್ತು. ಹಸಿರು ಇಂಕಿನಲ್ಲಿ ಎಲ್ಲರ ಮುಂದೆಯೂ ‘ಪೂರ್ತಿ’. ಹದಿನೇಳನೇ ಸಾಲಿನಲ್ಲಿ ಮಾತ್ರ, ಅವಳ ಹೆಸರಿನ ಮುಂದೆ: ‘ಕಳಿಸಿದ ಮೇಲ್ ಮಾತ್ರ. ಬಂದದ್ದು ಬೇಡ.’ ಕೆಳಗೆ ಎರಡು ಗೆರೆ.

ಪದ್ಮಶ್ರೀ ಆ ಸಾಲನ್ನು ಇನ್ನೊಮ್ಮೆ ಓದಿದಳು. ಇಷ್ಟು ದಿನ ಅವಳು, ಇವರು ಎಲ್ಲವನ್ನೂ ಅಳಿಸಿ ಕೈತೊಳೆದುಕೊಳ್ಳುತ್ತಾರೆ ಅಂದುಕೊಂಡಿದ್ದಳು. ಇವರು ಅಳಿಸುವವರಲ್ಲ, ಆರಿಸಿ ಉಳಿಸುವವರು. ಅವಳು ಸೆಕ್ಯುರಿಟಿಗೆ ಕಳಿಸಿದ್ದು ಉಳಿಯುತ್ತದೆ, ಜಗದೀಶ ಅವಳಿಗೆ ಕಳಿಸಿದ್ದು ಗುಜರಿಗೆ ಹೋಗುತ್ತದೆ. ತನ್ನ ಬಾಕ್ಸಿನದನ್ನು ಅವನು ಎಂದೋ ಅಳಿಸಿರುತ್ತಾನೆ. ಸೋಮವಾರ ಕಂಪನಿಯ ಮಾತು ಹೊರಳುತ್ತದೆ: ಪಾಸ್ ಕೇಳಿದ್ದಳು ಸ್ವಾಮಿ, ತಡೆದವಳು ಈ ಟೈಪಿಸ್ಟು, ಆಗಲೇ ಕೆಲಸದಿಂದ ತೆಗೆದಿದ್ದೇವೆ. ಒಬ್ಬ ಹೆಂಗಸಿನ ಹೊಟ್ಟೆ ಬರಿದು ಮಾಡಿ, ಅದರ ಪಾಪವನ್ನು ಇನ್ನೊಬ್ಬ ಹೆಂಗಸಿನ ಕೊರಳಿಗೆ ಕಟ್ಟುವ ಏರ್ಪಾಡು.

ಆದರೆ ಎಲ್ಲವನ್ನೂ ಅವಳ ಕೈಯಲ್ಲೇ ಟೈಪ್ ಮಾಡಿಸಿ ರೂಢಿಯಾದವನಿಗೆ, ಇದೊಂದನ್ನು ಮಾತ್ರ ಅವಳ ಕೈಗೆ ಕೊಡುವಂತಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಜಗದೀಶ ತಾನೇ ಪೆನ್ನು ಹಿಡಿದಿದ್ದ.

“ಇದರದ್ದೊಂದು ಕಾಪಿ ಬೇಕು” ಅಂದಳು.

“ಕೊಡಲ್ಲ. ನಾಳೆ ಪಾಷಾ ಕೊಟ್ಟ ಅಂತೀರ. ಆಮೇಲೆ ನಂಗೆ ಯಾರ್ ಕೆಲ್ಸ ಕೊಡ್ತಾರೆ?”

“ಪಾಸ್‌ವರ್ಡ್ ಇಲ್ದೆ ಇವತ್ತು ನಿಮ್ಮ ಕೆಲ್ಸ ಹೇಗೆ ಮುಗಿಯುತ್ತೆ?”

“ಧಮಕಿ ಹಾಕ್ತೀರಾ?”

“ಹೂಂ. ಆಬಿದಾ ಅಂತ ಒಬ್ಬಳಿದ್ದಳು ಇಲ್ಲಿ...” ಎಂದು ಶುರುಮಾಡಿ, ನಡೆದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದಳು. ತಾನು ಟೈಪ್ ಮಾಡಿದ್ದನ್ನೂ ಬಿಡಲಿಲ್ಲ.

ಪಾಷಾ ಮುಖ ಅತ್ತ ತಿರುಗಿಸಿ ಕೇಳಿದ. ಅವಳ ಮಾತನ್ನು ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಎದ್ದು, “ಪ್ರಿಂಟರ್ ಚೆಕ್ ಮಾಡ್ಬೇಕು. ಬನ್ನಿ” ಅಂದ.

ಮೊದಲು ಹಸಿರು ಇಂಕಿನ ಹಾಳೆಯ ಜೆರಾಕ್ಸ್, ಆಮೇಲೆ ಅವಳು ತನ್ನ ಕಂಪ್ಯೂಟರಿನಿಂದ ಪ್ರಿಂಟಿಗೆ ಕೊಟ್ಟು ಬಂದ ಎರಡು ಮೇಲು: ಜಗದೀಶ ಅವಳಿಗೆ ಕಳಿಸಿದ್ದು, ಅವಳು ಸೆಕ್ಯುರಿಟಿಗೆ ಕಳಿಸಿದ್ದು. ಎರಡನೆಯದು ಅರ್ಧ ಹೊರಬಂದಿತ್ತು, ಜಗದೀಶ ಬಾಗಿಲು ತೆರೆದ.

“ಏನಮ್ಮಾ ಅದು ಪ್ರಿಂಟು?”

ಪದ್ಮಶ್ರೀ ಮೊದಲೆರಡು ಹಾಳೆಯನ್ನು ಬೆನ್ನ ಹಿಂದೆ ಹಿಡಿದಳು.

“ಟೆಸ್ಟ್ ಪೇಜ್ ಸಾರ್” ಅಂದ ಪಾಷಾ, ಹಾಳೆಯನ್ನು ಎಳೆದು ಮಡಚಿ ಅವಳ ಕೈಗಿಟ್ಟು. “ಕಚಡಾ ಪ್ರಿಂಟರ್ ಇಟ್ಟಿದೀರ. ಇದನ್ನೂ ಗುಜರಿಗೆ ಹಾಕ್ಬಿಡಿ. ಮೇಡಂ, ಇದು ಡಸ್ಟ್‌ಬಿನ್‌ಗೆ.”

ಜಗದೀಶ ಇಬ್ಬರನ್ನೂ ಒಂದು ಗಳಿಗೆ ನೋಡಿದ. “ಐದರೊಳಗೆ ಮುಗಿಸ್ರೀ” ಅಂದು ಬಾಗಿಲು ಹಾಕಿಕೊಂಡ.

ಅವಳು ಪಾಸ್‌ವರ್ಡ್ ಹೇಳಿದಳು. ಬರೆದುಕೊಟ್ಟ ಪ್ರಕಾರವೇ ಪಾಷಾ ಅರ್ಧ ಬಾಕ್ಸು ಸಾಗಿಸಿದ. ಐದಕ್ಕೆ ಸರ್ವರಿನ ಗುಂಯ್ ನಿಂತಿತು.

ಆರು ಗಂಟೆಗೆ ಪದ್ಮಶ್ರೀ ದೇವಸಂದ್ರದ ಓಣಿಯೊಂದರಲ್ಲಿ ಆಬಿದಾಳ ಬಾಗಿಲಲ್ಲಿ ನಿಂತಿದ್ದಳು. ಸೀರೆಗೆ ಫಾಲ್ಸ್ ಹಚ್ಚುತ್ತಿದ್ದ ಆಬಿದಾ ತಲೆಯೆತ್ತಿ ನೋಡಿದಳು, ಒಳಗೆ ಕರೆಯಲಿಲ್ಲ.

“ಏನ್ ಮೇಡಂ? ಕೇಸ್ ವಾಪಸ್ ತಗೋ ಅಂತ ಕಳಿಸಿದ್ರಾ?”

ಪದ್ಮಶ್ರೀ ಹೊಸ್ತಿಲಿನ ಈಚೆಗೇ ಕೂತು ಮೂರು ಹಾಳೆಯನ್ನೂ ಹರಡಿದಳು. ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿದಳು. ತನ್ನ ಹೆಸರಿದ್ದದ್ದನ್ನೂ ಕೊನೆಯವರೆಗೆ ಓದಿದಳು.

ಆಬಿದಾಳ ಸೂಜಿ ಬಟ್ಟೆಯಲ್ಲೇ ನಿಂತಿತ್ತು. “ಅವತ್ತು ನಾನು ನಿನ್ ಮೇಜಿನ ಮುಂದೆನೇ ನಿಂತಿದ್ದೆ. ನೀನು ಟೈಪ್ ಮಾಡ್ತಾ ಇದ್ದೆ. ಅದೇನಾ ಇದು?”

“ಅದೇ.”

“ನಾಲ್ಕು ತಿಂಗ್ಳು ಎಲ್ಲಿಟ್ಟಿದ್ದೆ?”

ಪದ್ಮಶ್ರೀ ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟಳು.

“ಇವತ್ತು ನಿನ್ ಕುತ್ತಿಗೆಗೆ ಬಂತು, ಅದಕ್ಕೆ ತಂದೆ. ಹೌದಾ, ಅಲ್ವಾ?”

“ಹೌದು ಆಬಿದಾ.”

ಆಬಿದಾ ಎದ್ದು ಒಳಗೆ ಹೋಗಿ ಪೆನ್ನು ತಂದಳು. “ಸೋಮವಾರ ಬಂದು ಎಲ್ರ ಮುಂದೆ ಹಿಂಗೇ ಓದ್ಬೇಕು ನೀನು. ಅವ್ರು ಕರೆದು ಒಂದು ಮಾತು ಹೇಳಿದ್ರೆ ತಿರುಗ್ಬಿಡ್ತೀಯ, ನಂಗೆ ನಂಬಿಕೆ ಇಲ್ಲ. ಮೂರರ ಹಿಂದೆನೂ ಬರಿ, ನಾನೇ ತಂದು ಕೊಟ್ಟೆ ಅಂತ. ಸಹಿ ಹಾಕು.”

ಪದ್ಮಶ್ರೀ ನೆಲದ ಮೇಲೆ ಹಾಳೆ ಇಟ್ಟು ಬರೆಯತೊಡಗಿದಳು. ಯಾರೂ ಹೇಳಿಕೊಡದ ಸಾಲು ಅದು, ಕನ್ನಡದಲ್ಲೇ ಬಂತು. ಆಬಿದಾ ಅವಳ ತಲೆಯ ಮೇಲೇ ನಿಂತು, ಒಂದೊಂದು ಅಕ್ಷರವನ್ನೂ ಕಾವಲು ಕಾಯುವವಳಂತೆ ನೋಡುತ್ತಿದ್ದಳು.