ಏಳನೆಯ ಕಿಸೆ

ಮಾಳೇಶನ ಕೋಟಿಗೆ ಏಳು ಕಿಸೆಗಳು. ನಿಪಾಣಿಯ ಇಮಾಮಸಾಬ ದರ್ಜಿಯ ಎದುರು ನಿಂತು, ಪೆನ್ನು, ಕನ್ನಡಕ, ಸ್ಕ್ರೂಡ್ರೈವರು ಎಂದು ಒಂದೊಂದನ್ನೂ ಇಟ್ಟು ತೋರಿಸಿ, ಅಷ್ಟಷ್ಟೇ ಅಗಲಕ್ಕೆ ಹೊಲಿಸಿಕೊಂಡ ಕಿಸೆಗಳವು. ಬೆರಳು ತೂರುವಷ್ಟು ತೆರಪು ಉಳಿದರೂ ಅವನಿಗೆ ಸಮಾಧಾನವಿಲ್ಲ. ಅಲ್ಲೊಂದು ಸೂಜಿದಾರವನ್ನೋ ನಾಲ್ಕು ಏಲಕ್ಕಿಯನ್ನೋ ತುರುಕುತ್ತಿದ್ದ. ಆ ಭಾರಕ್ಕೆ ಎಡಕ್ಕೆ ವಾಲಿಕೊಂಡು ಅವನು ನಮ್ಮ ಮನೆಯ ಮೆಟ್ಟಿಲು ಹತ್ತುವಾಗ, ಕಣ್ಣು ಮುಚ್ಚಿ ಪೂಜೆಗೆ ಕುಳಿತ ನನಗೂ ಹೆಜ್ಜೆಯ ಸಪ್ಪಳದಿಂದಲೇ ಗುರುತು ಸಿಗುತ್ತಿತ್ತು.

ಅಂಕಲಿಯ ನಮ್ಮ ಮಹಡಿಯ ಕೋಣೆಯಲ್ಲಿ ಅವನು ಆರು ವರ್ಷದಿಂದ ಬಾಡಿಗೆಗಿದ್ದಾನೆ. ವಯಸ್ಸು ನಲವತ್ತು ದಾಟಿದೆ. ಕುರಿ ಕಾಯುವ ಮನೆತನ; ಕಾಕಾ ಮಲಕಾರಿ ಇಂದಿಗೂ ಕೃಷ್ಣೆಯ ದಂಡೆಯಲ್ಲಿ ಕುರಿ ಮೇಯಿಸುತ್ತಾನೆ. ಮಾಳೇಶ ಮಾತ್ರ ಯಂತ್ರಗಳಿಗೆ ಕರ್ನಲ್ ಬರೆಯುತ್ತಾನೆ. ಹಾಗೆಂದರೇನು ಎಂದು ನಾನು ಕೇಳಿದ್ದಕ್ಕೆ, "ಯಂತ್ರದ ಮನಿ ನಡಸೋ ಯಜಮಾನಿ ಇದ್ದಂಗ್ರಿ ಮಾವಶಿ. ಯಾವ ಕೆಲಸಕ್ಕ ಎಷ್ಟ ಮೆಮೊರಿ ಕೊಡಬೇಕು, ಯಾವಾಗ ತಿರುಗಿ ಇಸಕೋಬೇಕು, ಎಲ್ಲಾ ಅಕಿ ಕೈಯಾಗ" ಎಂದಿದ್ದ.

ಹೋದ ಬೇಸಿಗೆಯಲ್ಲಿ ಅವನ ಕೈಯಲ್ಲಿದ್ದದ್ದು ಹೊಳೆಯ ನೀರು ಅಳೆಯುವ ಡಬ್ಬಿ. ನೀರು ಗೆರೆ ಮುಟ್ಟಿದರೆ ಅದು ಎಚ್ಚರಿಕೆಯ ಸಂದೇಶ ಕಟ್ಟಿ, ಸೈರನ್ ಕೂಗಬೇಕು. ಮಳೆಗಾಲವಿಡೀ ನಿಲ್ಲದೆ ನಡೆಯಬೇಕು. ಮೆಮೊರಿ ಬಲು ಚಿಕ್ಕದು. ಆದ್ದರಿಂದ ಮಾಳೇಶ ತನ್ನ ಕೋಟಿನ ನ್ಯಾಯವನ್ನೇ ಅದರೊಳಗೂ ತಂದಿದ್ದ: ಕೇಳಿದ ಕೆಲಸಕ್ಕೆ ಕೇಳಿದಷ್ಟೇ ಜಾಗ, ಅದೂ ಎಲ್ಲಕ್ಕಿಂತ ಬಿಗಿಯಾಗಿ ಹೊಂದುವ ಸಂದಿಯಲ್ಲಿ.

ಈ ಬಿಗಿತನದ ವಿಷಯಕ್ಕೇ ನಮ್ಮಿಬ್ಬರ ನಿತ್ಯದ ವಾದ. ಅತ್ತೆಯವರ ಕಾಲದಿಂದ ನಮ್ಮಲ್ಲಿ ಮೊದಲ ರೊಟ್ಟಿಯನ್ನು ಎತ್ತಿಡುತ್ತೇವೆ. ಅದು ಬಾಗಿಲಿಗೆ ಬಂದವರದು. ಯಾರೂ ಬಾರದಿದ್ದರೆ ಸಂಜೆ ಎಮ್ಮೆಗೆ. "ದಿನಾ ಒಂದ ರೊಟ್ಟಿ ದಂಡ. ನಿಮ್ಮ ಎಮ್ಮಿ ಭಾಳ ಪುಣ್ಯಾ ಮಾಡೇತಿ ಬಿಡ್ರಿ" ಎಂದು ಅವನು ಕಾಡುತ್ತಿದ್ದ.

ಮೇ ತಿಂಗಳಲ್ಲಿ ನಮ್ಮ ಅಂಗಳದ ಬ್ಯಾರಲ್ಲಿನಲ್ಲಿ ಪರೀಕ್ಷೆ ನಡೆಯಿತು. ಎಂಟು ದಿನ ನೀರು ಏರಿಸಿದಾಗಲೆಲ್ಲ ಸೈರನ್ ಕೂಗಿತು. ಒಂಬತ್ತನೆಯ ದಿನ ನೀರು ಗೆರೆ ದಾಟಿ ಚೆಲ್ಲಿದರೂ ಡಬ್ಬಿ ಸುಮ್ಮನೆ ಕುಳಿತಿತ್ತು. ನೋಡಲು ಬಂದಿದ್ದ ಮಲಕಾರಿ ಹೊಟ್ಟೆ ಹಿಡಿದು ನಕ್ಕ. "ನಿನ್ನ ಡಬ್ಬಿಕಿಂತ ನನ್ನ ಟಗರ ಶಾಣ್ಯಾ ಐತಲೇ! ನೀರ ಬಂದ್ರ ಒದರತೈತಿ." ಮಾಳೇಶ ನಗಲಿಲ್ಲ. ಇನ್ನು ಎರಡು ವಾರಕ್ಕೆ ಆ ಡಬ್ಬಿ, ಕಾಕಾ ಕುರಿ ತರುಬಿ ನಿಲ್ಲಿಸುವ ತಗ್ಗಿನ ಪಕ್ಕದಲ್ಲೇ ನಿಲ್ಲುವುದಿತ್ತು.

ಆ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅವನು ಬಂದು ಅಡಿಗೆಮನೆಯ ಹೊಸ್ತಿಲ ಬಳಿ ಕುಳಿತ. ತಾನಾಗಿಯೇ ಹೇಳಿದ: "ಒಳಗ ಜಾಗಾ ಐತ್ರಿ. ಆದ್ರ ಎಂಟ ದಿನ ಕೊಟ್ಟು ಇಸಕೊಂಡು ಅಲ್ಲೊಂದ ಚೂರ, ಇಲ್ಲೊಂದ ಚೂರ ಆಗೇತಿ. ಪಂಕ್ತ್ಯಾಗ ಐದ ಎಲಿ ಖಾಲಿ ಇರತಾವ, ಐದ ಮಂದಿ ಕೂಡಿ ಬಂದ್ರ ಸಾಲಾಗಿ ಕುಂಡ್ರಾಕ ಆಗೂದಿಲ್ಲ, ಹಂಗ. ಸಂದೇಶಕ್ಕ ನಡುವ ಕಡಿಯದಂಗ ಸಲಗ ಜಾಗಾ ಬೇಕು."

ಒಲೆಯ ಪಕ್ಕದ ಬುಟ್ಟಿಯಲ್ಲಿ ಒಂದೇ ರೊಟ್ಟಿ ಇತ್ತು. ಬಡಿಸಿದೆ.

"ಇದು ಯಾರದ್ರಿ?"

"ಬಂದವರದು. ಇವತ್ತ ನೀ ಬಂದಿ."

"ಮನ್ಯಾಗಿನವರು ಹಸದ್ರೂ ಮುಟ್ಟೂದಿಲ್ಲೇನ್ರಿ?"

"ಮುಟ್ಟೂದಿಲ್ಲಪಾ. ಹೊರಗಿನವರು ಬಂದಾಗ ಹುಡುಕಿದ್ರ ಸಿಗತೈತೇನು?"

ಮುರಿದ ತುತ್ತು ಕೈಯಲ್ಲೇ ಉಳಿಯಿತು. ರೊಟ್ಟಿ ಹಿಡಿದುಕೊಂಡೇ ಮಹಡಿ ಹತ್ತಿದ. ಮೂರು ದಿನ ಇಳಿದದ್ದೇ ಅಪರೂಪ. ಡಬ್ಬಿ ಚಾಲೂ ಆದೊಡನೆ ಸಂದೇಶದ ಜಾಗವನ್ನು ಮೊದಲು ತೆಗೆದಿಡುವಂತೆ ಬರೆದ. ಖಾಲಿ ಬಿದ್ದಿದ್ದರೂ ಅದು ಬೇರಾರಿಗೂ ಸಿಗದು. ಉಳಿದ ಸಣ್ಣ ಕೆಲಸಗಳಿಗೆಲ್ಲ ಒಂದೇ ಅಳತೆಯ ಖಾನೆಗಳು. ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಕೂರಬಹುದು. ಒಂದಿಷ್ಟು ಪೋಲಾಗುತ್ತದೆ, ಆಗಲಿ ಎಂದ. ಆ ಮಾತು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಡಬ್ಬಿ ಹೊಳೆಗೆ ಹೋಗಿ ಒಂಬತ್ತು ದಿನ ದಾಟಿದಾಗ ನಾನು ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಎರಡು ತಿಂಗಳ ಮೇಲೆ, ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ, ಹೊಳೆಯ ಕಡೆಯಿಂದ ಸೈರನ್ ಕೇಳಿಸಿತು. ಮಾಳೇಶ ಮೆಟ್ಟಿಲ ನಡುವೆಯೇ ನಿಂತ. ಕಾಕಾನ ಫೋನು ಹತ್ತಲಿಲ್ಲ. ಕೊಡೆಯನ್ನೂ ಮರೆತು ಅವನು ಹೊರಟಾಗ, ಓಣಿಯ ತಿರುವಿನಲ್ಲಿ ಮೊದಲು ಗಂಟೆಯ ಸಪ್ಪಳ, ಆಮೇಲೆ ತೊಯ್ದ ಉಣ್ಣೆಯ ವಾಸನೆ, ಆಮೇಲೆ ಕುರಿಗಳು. ನಮ್ಮ ಅಂಗಳ ತುಂಬಿತು. ಕೊನೆಗೆ ಕಂಬಳಿ ಹೊದ್ದ ಮಲಕಾರಿ.

"ಎಲ್ಲಾ ಬಂದಾವ?" ಎಂದ ಮಾಳೇಶ.

"ಒಂದೂ ಬಿಟ್ಟಿಲ್ಲ. ತಗ್ಗಿನ್ಯಾಗ ಈಗ ಎದಿಮಟ ನೀರ ಐತಿ. ನಿನ್ನ ಡಬ್ಬಿ ಒದರಿತಪಾ."

"ಮತ್ತ ನಿನ್ನ ಟಗರ?"

"ಮಕ್ಕೊಂಡಿತ್ತು ಸುಳೇಮಗಂದು!"

ಮಾಳೇಶ ಮಳೆಯಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತು ನಕ್ಕ, ಕಣ್ಣು ಒರೆಸಿಕೊಳ್ಳುತ್ತ ನಕ್ಕ. ಆ ಮಧ್ಯಾಹ್ನ ಒಣಗಿಸಲೆಂದು ನಾನು ಅವನ ಕೋಟು ಕೊಡವಿದಾಗ, ಎದೆಯ ಬದಿಯ ಏಳನೆಯ ಕಿಸೆಯಲ್ಲಿ ಏನೂ ಇರಲಿಲ್ಲ. ಯಾಕೆಂದು ಕೇಳಿದೆ.

"ಇರ್ಲಿ ಬಿಡ್ರಿ ಮಾವಶಿ. ಯಾರರೆ ಏನರೆ ಕೊಟ್ರ?"

ಇಂಥವರ ಕೆಲಸ ಮಂದಿಯ ಕಣ್ಣಿಗೆ ಬೀಳುವುದು ಅದು ಕೆಟ್ಟ ದಿನ ಮಾತ್ರ. ಚೆನ್ನಾಗಿ ನಡೆದ ದಿನ ಕುರಿಗಳು ಮನೆಗೆ ಬರುತ್ತವೆ, ಜನ ಉಂಡು ಮಲಗುತ್ತಾರೆ, ಯಾರೂ ಅವರ ಹೆಸರೆತ್ತುವುದಿಲ್ಲ. ಬಿಗಿ ಕೈಯ ಈ ಜನ ಒಮ್ಮೆ ಒಂದು ತೆರಪನ್ನು ಬಿಡಲು ಕಲಿತರೆಂದರೆ, ಅದನ್ನು ಉಳಿದೆಲ್ಲಕ್ಕಿಂತ ಜೋಪಾನವಾಗಿ ಕಾಯುತ್ತಾರೆ. ದೇವರು ಬರುವುದಾದರೆ, ಆ ತೆರಪಿನಲ್ಲೇ ಬಂದು ಕೂರುತ್ತಾನೆ ಎಂದು ನನ್ನ ನಂಬಿಕೆ.